ಶೇ 48 ಆಫ್ ಅಂದ್ರೆ ಯಾವುದರ ಮೇಲೆ?

ನವರಾತ್ರಿ ಶುರುವಾಯಿತೆಂದರೆ ನನ್ನ ವಾಟ್ಸ್ಆ್ಯಪ್‌ಗೆ ಗೊಂಬೆ ಕೂರಿಸಿದ ಫೋಟೊಗಳಿಗಿಂತ ಲ್ಯಾಪ್‌ಟಾಪಿನ ಸ್ಕ್ರೀನ್‌ಶಾಟ್‌ಗಳೇ ಜಾಸ್ತಿ ಬರುತ್ತವೆ. ‘ಇದು ತಗೋಬಹುದಾ?’ ‘ಇವತ್ತೇ ಲಾಸ್ಟ್ ಅಂತೆ, ಬೇಗ ಹೇಳು.’ ಸಾಫ್ಟ್‌ವೇರ್ ಎಂಜಿನಿಯರ್ ಅಂದ ಮೇಲೆ ಪ್ರಿಂಟರಿನಿಂದ ಹಿಡಿದು ಸೆಟ್‌ಟಾಪ್ ಬಾಕ್ಸ್ ತನಕ ಎಲ್ಲವೂ ಗೊತ್ತಿರಬೇಕು ಅನ್ನೋದು ನಮ್ಮ ನೆಂಟರ ನಂಬಿಕೆ. ನಿಜ ಹೇಳಬೇಕೆಂದರೆ ನಾನು ದಿನಾ ಕೆಲಸ ಮಾಡೋ ಲ್ಯಾಪ್‌ಟಾಪು ಕಂಪನಿ ಕೊಟ್ಟಿದ್ದು, ಅದರ ಬೆಲೆ ಎಷ್ಟು ಅಂತ ನನಗೇ ಗೊತ್ತಿಲ್ಲ. ಆದರೆ ಏಳೆಂಟು ವರ್ಷದಿಂದ ಬೇರೆಯವರ ದುಡ್ಡಿನಲ್ಲಿ ಲ್ಯಾಪ್‌ಟಾಪ್ ಆರಿಸಿ ಆರಿಸಿ ಕೈ ಪಳಗಿದೆ. ದಸರೆ ಸೇಲ್ ಮುಗಿದು ದೀಪಾವಳಿ ಸೇಲ್ ನಡೀತಿದೆ. ಒಬ್ಬೊಬ್ಬರಿಗೇ ಉತ್ತರ ಟೈಪ್ ಮಾಡೋ ಬದಲು ಈ ಸಲ ಇಲ್ಲೇ ಬರೆದುಬಿಡ್ತೀನಿ.

ಈ ವರ್ಷ ಬಂದ ಸ್ಕ್ರೀನ್‌ಶಾಟ್‌ಗಳಲ್ಲಿ ನನ್ನನ್ನು ನಿಜಕ್ಕೂ ಯೋಚನೆಗೆ ಹಚ್ಚಿದ್ದು ಚಿಕ್ಕಪ್ಪನದು. ತಿಪಟೂರಿನ ಹತ್ತಿರ ಅವರದು ತೆಂಗಿನ ತೋಟ. ತಂಗಿಗೆ ಸಿಇಟಿ ಮೂಲಕ ತುಮಕೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ, ದಿನಾ ರೈಲಿನಲ್ಲಿ ಓಡಾಟ. ಈ ವರ್ಷ ಕೊಬ್ಬರಿಗೆ ಒಳ್ಳೆ ರೇಟು ಬಂದಿದ್ದರಿಂದ ಫೀಸು ಕಟ್ಟಿಯೂ ನಲವತ್ತು ಸಾವಿರ ಉಳಿಸಿಕೊಂಡಿದ್ದರು. ಆ ದುಡ್ಡಲ್ಲಿ ಬರೋ ಒಂದೇ ಮಿಷನ್ನು ನಾಲ್ಕು ವರ್ಷ, ಅಂದರೆ ಪ್ಲೇಸ್‌ಮೆಂಟಿನ ಆನ್‌ಲೈನ್ ಟೆಸ್ಟ್ ತನಕ ಬಾಳಿಕೆ ಬರಬೇಕು. ನಡುವೆ ಇನ್ನೊಂದು ಕೊಡಿಸೋ ಮಾತೇ ಇಲ್ಲ.

‘ಲೋ, ಎಪ್ಪತ್ತೈದು ಸಾವಿರದ್ದು ಮೂವತ್ತೊಂಬತ್ತಕ್ಕೆ ಕೊಡ್ತಾವ್ರೆ ಕಣೋ. ನಲವತ್ತೆಂಟು ಪರ್ಸೆಂಟ್ ಆಫ್! ಇನ್ನ ಎರಡು ಗಂಟೆ ಐತಂತೆ.’

‘ಒಂದಿನ ತಡೀರಿ ಚಿಕ್ಕಪ್ಪ.’

‘ನಾಳೆ ಇರಲ್ಲ ಅಂತ ಬರ್ದವ್ರಲ್ಲೋ?’

‘ಇರುತ್ತೆ ಚಿಕ್ಕಪ್ಪ. ಅದಿಲ್ದಿದ್ರೆ ಇನ್ನೊಂದಿರುತ್ತೆ.’

2014ರ ಅಕ್ಟೋಬರ್ 6ಕ್ಕೆ ಫ್ಲಿಪ್‌ಕಾರ್ಟ್ ಮೊದಲ ‘ಬಿಗ್ ಬಿಲಿಯನ್ ಡೇ’ ನಡೆಸಿದಾಗ ನಾನು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೆ. ಜನ ನುಗ್ಗಿದ ರಭಸಕ್ಕೆ ಸೈಟೇ ತಡವರಿಸಿ, ಮಾರನೇ ದಿನ ಕಂಪನಿಯ ಸ್ಥಾಪಕರು ಗ್ರಾಹಕರ ಕ್ಷಮೆ ಕೇಳಿದ್ದರು. ಆಗ ಅದು ಒಂದು ದಿನದ ಸೇಲ್. ಈಗ ನವರಾತ್ರಿಯಿಂದ ದೀಪಾವಳಿ ತನಕ ಒಂದಲ್ಲ ಒಂದು ಹೆಸರಲ್ಲಿ ನಡೀತಾನೇ ಇರುತ್ತದೆ, ಮತ್ತೆ ಗಣರಾಜ್ಯೋತ್ಸವಕ್ಕೆ ಬರುತ್ತದೆ, ಕಾಲೇಜು ಶುರುವಾಗೋ ಹೊತ್ತಿಗೆ ಇನ್ನೊಂದು ಸಲ ಬರುತ್ತದೆ. ಹಾಗಾಗಿ ‘ಇವತ್ತು ಬಿಟ್ಟರೆ ಇಲ್ಲ’ ಅನ್ನೋ ಮಾತು ಲ್ಯಾಪ್‌ಟಾಪಿನ ಮಟ್ಟಿಗೆ ಬಹುಪಾಲು ಸುಳ್ಳೇ.

ಆ ನಲವತ್ತೆಂಟು ಪರ್ಸೆಂಟ್ ಯಾವುದರ ಮೇಲೆ? ಎಂಆರ್‌ಪಿ ಮೇಲೆ. ನಮ್ಮ ಕಾನೂನಿನ ಪ್ರಕಾರ ಎಂಆರ್‌ಪಿಗಿಂತ ಹೆಚ್ಚಿಗೆ ಮಾರುವ ಹಾಗಿಲ್ಲ. ಆದರೆ ಆ ಎಂಆರ್‌ಪಿ ಎಷ್ಟಿರಬೇಕು ಅನ್ನೋದನ್ನು ತೀರ್ಮಾನಿಸೋದು ಕಂಪನಿಯೇ. ಪೆಟ್ಟಿಗೆ ಮೇಲೆ 74,990 ಅಂತ ಅಚ್ಚು ಹಾಕಿದರೂ ಆ ಬೆಲೆಗೆ ಯಾರೂ ಯಾವತ್ತೂ ಕೊಂಡಿರಲ್ಲ. ಆನ್‌ಲೈನಿನಲ್ಲಿ ಬೆಲೆಯ ಏರಿಳಿತವನ್ನು ಗ್ರಾಫ್ ಮಾಡಿ ತೋರಿಸೋ ಸೈಟುಗಳಿವೆ. ಅಮೆಜಾನಿನ ಬೆಲೆಗಳಿಗೆ ‘ಕೀಪಾ’ ಅಂತ ಒಂದಿದೆ. ಇಂಥದ್ದೊಂದರಲ್ಲಿ ಚಿಕ್ಕಪ್ಪನ ಲ್ಯಾಪ್‌ಟಾಪನ್ನು ಹುಡುಕಿದೆ. ಈಗ 38,990. ಸೇಲಿಗೆ ಎರಡು ವಾರ ಮುಂಚೆ 40,490. ಅಂದರೆ ನಿಜವಾಗಿ ಇಳಿದಿದ್ದು ಒಂದೂವರೆ ಸಾವಿರ, ಶೇ 4ಕ್ಕೂ ಕಡಿಮೆ. ಒಂದೂವರೆ ಸಾವಿರ ಕಡಿಮೆ ಮೊತ್ತವೇನಲ್ಲ, ಇರಲಿ. ಆದರೆ ಅದಕ್ಕಾಗಿ ರಾತ್ರಿ ಹನ್ನೆರಡರೊಳಗೆ ಓಡಿಹೋಗಿ ಬಟನ್ ಒತ್ತಬೇಕಾಗಿಲ್ಲ.

ಬೆಲೆಯ ವಿಷಯ ಅಷ್ಟೇ. ನನಗೆ ಅದಕ್ಕಿಂತ ಚಿಂತೆಯಾಗಿದ್ದು ಪೆಟ್ಟಿಗೆಯೊಳಗೆ ಏನಿದೆ ಅನ್ನೋದು.

ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ‘ರೈಜನ್ 5, 8 ಜಿಬಿ, 512 ಜಿಬಿ ಎಸ್‌ಎಸ್‌ಡಿ’ ಅಂತಿತ್ತು. ಕೆಳಗೆ ಸ್ಕ್ರಾಲ್ ಮಾಡಿದರೆ ಸಣ್ಣಕ್ಷರದಲ್ಲಿ ಪೂರ್ತಿ ಹೆಸರು: ರೈಜನ್ 5 7520ಯು. ಅದೇ ಸೇಲಿನಲ್ಲಿ ಇನ್ನೊಂದು ಲ್ಯಾಪ್‌ಟಾಪಿನ ಮೇಲೂ ‘ರೈಜನ್ 5’ ಅಂತಲೇ ಇತ್ತು, ಆದರೆ ಅದು 7530ಯು. ಮೇಲುನೋಟಕ್ಕೆ ಅವಳಿ ಮಕ್ಕಳ ಥರ. ಹತ್ತು ನಂಬರಿನ ವ್ಯತ್ಯಾಸದಲ್ಲಿ ಏನಿದೆ ಮಹಾ ಅನ್ನಿಸಬಹುದು. ಎಎಂಡಿಯವರ 7000 ಸಾಲಿನ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಮೊದಲ ಅಂಕಿ ಯಾವ ವರ್ಷದ ಸಾಲು ಅಂತ ಹೇಳುತ್ತದೆ, ಮೂರನೇ ಅಂಕಿ ಒಳಗಿನ ವಿನ್ಯಾಸ ಯಾವ ತಲೆಮಾರಿನದು ಅಂತ ಹೇಳುತ್ತದೆ. 7520ಯು ಒಳಗಿರೋದು ಝೆನ್ 2, ಅಂದರೆ 2019ರಲ್ಲಿ ಬಂದ ವಿನ್ಯಾಸ, ನಾಲ್ಕು ಕೋರ್. 7530ಯು ಒಳಗಿರೋದು ಅದರ ಮುಂದಿನ ಝೆನ್ 3, ಆರು ಕೋರ್. ಹಳೇ ಮನೆಗೆ ಹೊಸ ಸುಣ್ಣ ಹೊಡೆದ ಹಾಗೆ ಮೊದಲಿನ 7 ಅನ್ನೋ ಅಂಕಿ. ಇದನ್ನು ಮೋಸ ಅನ್ನೋಕ್ಕಾಗಲ್ಲ, ಎಲ್ಲಾ ಬರೆದೇ ಇಟ್ಟಿದ್ದಾರೆ. ಓದೋಕೆ ಬರಬೇಕು ಅಷ್ಟೇ.

ಇಂಟೆಲ್ ಕತೆಯೂ ಹೀಗೇ. ಐ5 ಅಂದ ಮಾತ್ರಕ್ಕೆ ಏನೂ ಗೊತ್ತಾಗಲ್ಲ. ಐ5-1235ಯು ಅಂದರೆ ಮೊದಲ ಎರಡು ಅಂಕಿ ಹನ್ನೆರಡನೇ ತಲೆಮಾರು. ಕೊನೆಯ ‘ಯು’ ಕರೆಂಟ್ ಕಡಿಮೆ ಕುಡಿಯೋದು, ‘ಎಚ್’ ಜಾಸ್ತಿ ಕುಡಿದು ಜಾಸ್ತಿ ದುಡಿಯೋದು. ಹೊಸ ಐ3 ಹಳೇ ಐ5ಗಿಂತ ಚುರುಕಾಗಿರೋದು ಅಪರೂಪವೇನಲ್ಲ.

7520ಯುನಲ್ಲಿ ಇನ್ನೊಂದು ತೊಡಕಿದೆ. ಅದಕ್ಕೆ ಹಾಕೋ ರ್‍ಯಾಮ್ ಮದರ್‌ಬೋರ್ಡಿಗೇ ಬೆಸುಗೆಯಾಗಿ ಬರುತ್ತದೆ. ಇವತ್ತು 8 ಜಿಬಿ ಅಂದರೆ ನಾಲ್ಕನೇ ವರ್ಷಕ್ಕೂ 8 ಜಿಬಿನೇ. ಮೊದಲನೇ ವರ್ಷ ಸಿ, ಪೈಥಾನ್ ಕಲಿಯೋಕೆ ಅದು ಧಾರಾಳ ಸಾಕು. ಮೂರನೇ ವರ್ಷ ಆ್ಯಂಡ್ರಾಯ್ಡ್ ಸ್ಟುಡಿಯೊ, ಒಂದು ಎಮ್ಯುಲೇಟರು, ಪಕ್ಕದಲ್ಲಿ ಬ್ರೌಸರಿನ ಹದಿನೈದು ಟ್ಯಾಬು ತೆರೆದರೆ ಫ್ಯಾನು ಕೂಗುತ್ತದೆ, ಮೌಸ್ ಅಲ್ಲಾಡಲ್ಲ. ಆದ್ದರಿಂದ ಕೊಳ್ಳೋ ಮುಂಚೆ ಕೇಳಬೇಕಾದ ಪ್ರಶ್ನೆ ‘ಎಷ್ಟು ರ್‍ಯಾಮ್ ಇದೆ’ ಅನ್ನೋದರ ಜತೆಗೆ ‘ಆಮೇಲೆ ಹಾಕಿಸಬಹುದಾ, ಖಾಲಿ ಸ್ಲಾಟ್ ಇದೆಯಾ’ ಅಂತ. ಉತ್ತರ ಲಿಸ್ಟಿಂಗಿನಲ್ಲಿ ಸಿಗದಿದ್ದರೆ ಕಂಪನಿಯ ಸ್ವಂತ ವೆಬ್‌ಸೈಟಿಗೆ ಹೋಗಿ ಪೂರ್ತಿ ಮಾಡೆಲ್ ನಂಬರ್ ಹಾಕಿ ನೋಡಿ.

ಪರದೆ ಬಗ್ಗೆ ಒಂದೇ ಮಾತು: ಐಪಿಎಸ್ ಅಂತ ಬರೆದಿರಲಿ. ಟಿಎನ್ ಪರದೆಯನ್ನು ಸ್ವಲ್ಪ ಓರೆಯಿಂದ ನೋಡಿದರೂ ಬಣ್ಣ ಮಾಸುತ್ತದೆ, ನಾಲ್ಕು ವರ್ಷ ಅದನ್ನೇ ದಿಟ್ಟಿಸೋದು ಕಷ್ಟ.

‘ಗೇಮಿಂಗ್ ಲ್ಯಾಪ್‌ಟಾಪೇ ಕೊಡಿಸಿ, ಪವರ್‌ಫುಲ್ ಇರುತ್ತೆ’ ಅಂತ ಚಿಕ್ಕಪ್ಪನಿಗೆ ಯಾರೋ ಹೇಳಿದ್ದರಂತೆ. ಮೆಕ್ಯಾನಿಕಲ್, ಆರ್ಕಿಟೆಕ್ಚರ್ ಓದೋರಿಗೆ ತ್ರೀಡಿ ಕೆಲಸ ಇರುತ್ತದೆ, ಅವರಿಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಉಪಯೋಗ. ಕಂಪ್ಯೂಟರ್ ಸೈನ್ಸ್‌ನ ಪಾಠಕ್ಕೆ ಅದು ಬೇಕೇ ಬೇಕು ಅಂತೇನಿಲ್ಲ. ಎರಡು ಕೆಜಿ ದಾಟೋ ಮಿಷನ್ನು, ಅದರ ಇಟ್ಟಿಗೆಯಂಥ ಚಾರ್ಜರು, ಟಿಫನ್ ಬಾಕ್ಸು, ರೆಕಾರ್ಡ್ ಬುಕ್ಕು ಎಲ್ಲಾ ಹೊತ್ತುಕೊಂಡು ಬೆಳಗಿನ ರೈಲಿನಲ್ಲಿ ನಿಂತು ಹೋಗೋಳು ಅವಳು, ಸಲಹೆ ಕೊಟ್ಟವರಲ್ಲ.

ಇನ್ನು ‘ಎಫೆಕ್ಟಿವ್ ಪ್ರೈಸ್’ ಅನ್ನೋ ಮಾಯೆ. ದೊಡ್ಡದಾಗಿ ಕಾಣೋ ಬೆಲೆಯಲ್ಲಿ ಇಂಥದ್ದೇ ಬ್ಯಾಂಕಿನ ಕ್ರೆಡಿಟ್ ಕಾರ್ಡಿನ ಡಿಸ್ಕೌಂಟೂ ಸೇರಿರುತ್ತದೆ, ಹಳೇ ಲ್ಯಾಪ್‌ಟಾಪ್ ಎಕ್ಸ್‌ಚೇಂಜಿಗೆ ಸಿಗಬಹುದಾದ ಅತಿ ಹೆಚ್ಚಿನ ಮೊತ್ತವೂ ಸೇರಿರುತ್ತದೆ. ಚಿಕ್ಕಪ್ಪನ ಹತ್ತಿರ ಇರೋದು ಒಂದು ಪಾಸ್‌ಬುಕ್ಕು, ಒಂದು ಯುಪಿಐ. ಅವರಿಗೆ ಆ ಬೆಲೆ ಇಲ್ಲವೇ ಇಲ್ಲ. (ನಮ್ಮ ಆಫೀಸಿನಲ್ಲಿ ಸೇಲ್ ಸಮಯದಲ್ಲಿ ‘ಆ ಬ್ಯಾಂಕಿನ ಕಾರ್ಡ್ ಯಾರ ಹತ್ರ ಇದೆ?’ ಅಂತ ಗ್ರೂಪಿನಲ್ಲಿ ಮೆಸೇಜು ಓಡಾಡುತ್ತದೆ. ಕಾರ್ಡ್ ಇರೋನು ಆ ಹತ್ತು ದಿನ ಮದುಮಗ.)

‘ನೋ ಕಾಸ್ಟ್ ಇಎಂಐ’ ಕೂಡ ಹೆಸರಿನಷ್ಟು ಪುಕ್ಕಟೆ ಅಲ್ಲ. ಕ್ರೆಡಿಟ್ ಕಾರ್ಡಿನ ಶೂನ್ಯ ಬಡ್ಡಿ ಕಂತುಗಳಲ್ಲಿ ಬಡ್ಡಿಯನ್ನು ಮುಚ್ಚಿಡಲಾಗುತ್ತಿದೆ ಅಂತ ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಅಂಥ ಯೋಜನೆ ನಿಲ್ಲಿಸಲು ಹೇಳಿತ್ತು. ಈಗ ನಡೆಯೋದು ಹೀಗೆ: ಬ್ಯಾಂಕು ಬಡ್ಡಿ ಹಾಕುತ್ತದೆ, ಅಷ್ಟೇ ಮೊತ್ತವನ್ನು ಮಾರುವವರು ಮೊದಲೇ ಬೆಲೆಯಲ್ಲಿ ಕಳೆಯುತ್ತಾರೆ. 40,000ದ ವಸ್ತುವಿಗೆ ಆರು ಕಂತು, ಶೇ 15ರ ಬಡ್ಡಿ ಅಂದುಕೊಳ್ಳಿ. ಬಡ್ಡಿ ಸುಮಾರು 1,700 ಆಗುತ್ತದೆ. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಸುಮಾರು 305 ರೂಪಾಯಿ, ನಿಮ್ಮ ಕೈಯಿಂದಲೇ ಹೋಗುತ್ತದೆ. ಮೇಲೆ ಪ್ರೊಸೆಸಿಂಗ್ ಫೀಸು, ಅದಕ್ಕೂ ಜಿಎಸ್‌ಟಿ. ಕಂತು ಬೇಕಾದವರು ತಗೊಳ್ಳಿ, ಬೇಡ ಅನ್ನಲ್ಲ. ಲೆಕ್ಕ ಗೊತ್ತಿರಲಿ.

‘ಜಿಎಸ್‌ಟಿ ಇಳಿದಿದೆಯಲ್ಲ, ಲ್ಯಾಪ್‌ಟಾಪೂ ಇಳೀಬೇಕಲ್ವಾ?’ ಅಂತ ಈ ಸಲ ಕನಿಷ್ಠ ಐದು ಜನ ಕೇಳಿದರು. 2025ರ ಸೆಪ್ಟೆಂಬರ್ 22ರಿಂದ ಎ.ಸಿ., ದೊಡ್ಡ ಟಿ.ವಿ.ಗಳ ತೆರಿಗೆ ಶೇ 28ರಿಂದ 18ಕ್ಕೆ ಇಳಿಯಿತು. ಲ್ಯಾಪ್‌ಟಾಪಿಗೆ ಮೊದಲೂ 18, ಈಗಲೂ 18.

ಆ ಗಡಿಯಾರದ ಮುಳ್ಳಿನ ಬಗ್ಗೆ ಹೇಳಲೇಬೇಕು. ಇಲ್ಲದ ಅವಸರ ಹುಟ್ಟಿಸೋದು, ಕೇಳದೇ ಕಾರ್ಟಿಗೆ ಇನ್ಶೂರೆನ್ಸು ಗಿನ್ಶೂರೆನ್ಸು ಸೇರಿಸೋದು, ಇಂಥ ಹದಿಮೂರು ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳನ್ನು ಗ್ರಾಹಕ ರಕ್ಷಣಾ ಪ್ರಾಧಿಕಾರದ 2023ರ ಮಾರ್ಗಸೂಚಿ ನಿಷೇಧಿಸಿದೆ. ನಾನೂ ಸಾಫ್ಟ್‌ವೇರಿನವನೇ. ಒಂದು ಬಟನ್ ಹಸಿರಿರಬೇಕಾ, ಕಿತ್ತಳೆ ಇರಬೇಕಾ ಅಂತ ವಾರಗಟ್ಟಲೆ ಟೆಸ್ಟ್ ಮಾಡೋ ಜನ ನಾವು. ಆ ಓಡೋ ಟೈಮರು ಅಲ್ಲಿ ಸುಮ್ಮನೆ ಬಂದು ಕೂತಿರಲ್ಲ. ದುಡ್ಡು ಕಟ್ಟೋ ಮುಂಚೆ ಕಾರ್ಟನ್ನು ಒಂದು ಸಲ ಮೇಲಿಂದ ಕೆಳಗೆ ಓದಿ. ವಸ್ತು ಬಂದಾಗ ಓಪನ್ ಬಾಕ್ಸ್ ಡೆಲಿವರಿ ಇದ್ದರೆ ಒಟಿಪಿ ಕೊಡೋ ಮೊದಲು ಪೆಟ್ಟಿಗೆ ತೆಗೆಸಿ. ಸೀರಿಯಲ್ ನಂಬರನ್ನು ಕಂಪನಿಯ ಸೈಟಿನಲ್ಲಿ ಹಾಕಿ ವಾರಂಟಿ ಯಾವಾಗಿನಿಂದ ಶುರು ಅಂತ ನೋಡಿ. ಸಾಮಾನ್ಯವಾಗಿ ಲ್ಯಾಪ್‌ಟಾಪನ್ನು ‘ಇಷ್ಟವಾಗಲಿಲ್ಲ’ ಅಂತ ವಾಪಸ್ ತಗೊಳ್ಳಲ್ಲ, ದೋಷ ಇದ್ದರೆ ಬದಲಿ ಕೊಡ್ತಾರೆ, ಅದೂ ಕೆಲವೇ ದಿನದೊಳಗೆ. ಆ ದಿನಗಳಲ್ಲಿ ಕ್ಯಾಮೆರಾ, ಸ್ಪೀಕರ್, ಎಲ್ಲಾ ಕೀಲಿ ಒತ್ತಿ ನೋಡಿಬಿಡಿ. ತಕರಾರು ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಚಿಕ್ಕಪ್ಪ ಕೊನೆಗೆ ಕೊಂಡಿದ್ದು ಆನ್‌ಲೈನಿನಲ್ಲಿ ಅಲ್ಲ. 7530ಯು, 16 ಜಿಬಿ, ಐಪಿಎಸ್ ಇದ್ದ ಒಂದು ಮಾಡೆಲ್ಲು ಸೇಲಿನಲ್ಲಿ 41,490 ಇತ್ತು. ಅದರ ಪೂರ್ತಿ ಮಾಡೆಲ್ ನಂಬರನ್ನು ತಂಗಿಗೆ ಕಳಿಸಿ, ತುಮಕೂರಿನ ಅಂಗಡಿಯಲ್ಲಿ ಒಮ್ಮೆ ವಿಚಾರಿಸೋಕೆ ಹೇಳಿದೆ. ಅಲ್ಲಿ ‘ಅದೇ ಇದು’ ಅಂತ ಒಂದು ತೆಗೆದಿಟ್ಟರಂತೆ. ಅಂಗಡಿಯಿಂದಲೇ ಫೋನ್ ಮಾಡಿದಳು: ‘ಅಣ್ಣ, ಮೂರನೇ ನಂಬರ್ ಎರಡಿದೆ. ಬೇಡ ತಾನೇ?’ ಬೇಡ ಅಂದೆ. ಒಳಗಿನಿಂದ ಸರಿಯಾದ್ದು ಬಂತು, 42,800, ಜತೆಗೆ ಬ್ಯಾಗು, ಮೌಸು. ಚಿಕ್ಕಪ್ಪ ಮೂವತ್ತು ಸಾವಿರ ಕಟ್ಟಿ, ಉಳಿದಿದ್ದನ್ನು ಮುಂದಿನ ಕೊಬ್ಬರಿ ಲೋಡು ಮಾರಿದ ಮೇಲೆ ಕೊಡ್ತೀನಿ ಅಂದರಂತೆ. ಅಂಗಡಿಯವರ ಅತ್ತೆ ಮನೆ ನಮ್ಮ ಪಕ್ಕದ ಊರು ಅಂತ ಮಾತಿನಲ್ಲಿ ಗೊತ್ತಾಗಿತ್ತು, ಒಪ್ಪಿಕೊಂಡರು. ಬಡ್ಡಿ ಇಲ್ಲ, ಪ್ರೊಸೆಸಿಂಗ್ ಫೀಸಿಲ್ಲ. ನೋ ಕಾಸ್ಟ್ ಇಎಂಐ ಅಂದರೆ ಅದಪ್ಪ.

ಇಪ್ಪತ್ತು ಸಾವಿರದೊಳಗೆ ಮುಗಿಸಬೇಕು ಅನ್ನೋರಿಗೆ ಹೊಸದರಲ್ಲಿ ಈ ಬೆಲೆಗೆ ಸಿಗೋದಕ್ಕಿಂತ ಎಸ್‌ಪಿ ರೋಡಿನ ಸೆಕೆಂಡ್ ಹ್ಯಾಂಡ್ ವಾಸಿ ಅನ್ನೋದು ನನ್ನ ಅಭಿಪ್ರಾಯ. ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ಗಳು ಅಲ್ಲಿ ಬರುತ್ತವೆ. ಗಟ್ಟಿ ಮಿಷನ್ನುಗಳು, ರ್‍ಯಾಮ್ ಹಾಕಿಸೋಕೆ ಜಾಗ ಇರೋವೂ ಹಲವು. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕಾಲ ಮುಗಿಯಿತು. ಹೆಸರು ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಬರುತ್ತದೆ, ಅಷ್ಟೇ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರಾದರೂ ಬೇಕು. ಐ5-8350ಯು ನಡೆಯುತ್ತದೆ, ಐ5-7300ಯು ನಡೆಯಲ್ಲ. ಏಳನೆಯದು ಬಹಳ ಅಗ್ಗಕ್ಕೆ ಸಿಕ್ಕಿತು ಅಂದರೆ ಕಾರಣ ಅದೇ ಇರಬಹುದು; ಉಬುಂಟು ಹಾಕಿಕೊಂಡು ಓದೋ ಹುಡುಗರಿಗೆ ಅದೂ ಆದೀತು. ವಿಂಡೋಸಿನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯಬಹುದು, ಅಂಗಡಿಯಲ್ಲೇ ತೆಗೆಸಿ. ಅದರಲ್ಲಿ ‘ಡಿಸೈನ್ ಕೆಪಾಸಿಟಿ’, ‘ಫುಲ್ ಚಾರ್ಜ್ ಕೆಪಾಸಿಟಿ’ ಅಂತ ಎರಡು ಸಾಲು ಇರುತ್ತವೆ. ಎರಡನೆಯದು ಮೊದಲನೆಯದರ ಅರ್ಧಕ್ಕೆ ಇಳಿದಿದ್ದರೆ ಬ್ಯಾಟರಿ ಬದಲಾಯಿಸಿಕೊಡಿ ಅನ್ನಿ, ಇಲ್ಲವೇ ಬೆಲೆ ಇಳಿಸಿ ಅನ್ನಿ. ಚೌಕಾಸಿಗೆ ಅಲ್ಲಿ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಭಾನುವಾರ ಬಹಳ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರ ಬೆಳಿಗ್ಗೆನೇ ಹೋಗಿ.