ಬಾಗಿಲ ಮೇಲಿನ ಎರಡಕ್ಷರ

ಕಳೆದ ಮಾರ್ಚ್ ತಿಂಗಳ ಒಂದು ಸಂಜೆ, ನಮ್ಮ ಅಂಗಳದಲ್ಲಿ ನಿಲ್ಲಿಸಿದ್ದ ಕಾರಿನ ಬಾಗಿಲ ಮೇಲೆ ಎರಡು ಅಕ್ಷರಗಳು ಮೂಡಿದ್ದವು. ಚೂಪುಗಲ್ಲಿನಿಂದ ಕೊರೆದ ಕನ್ನಡ ಅಕ್ಷರಗಳು. ಬರೆದಾತ ನೆರೆಮನೆಯ ಬಾಲಕ. ಕನ್ನಡ ಮಾಧ್ಯಮ ಶಾಲೆಯಲ್ಲಿ ಮೂರನೆಯ ತರಗತಿ, ವಯಸ್ಸು ಎಂಟು. ತನ್ನ ಹೆಸರನ್ನೇ ಬರೆದಿದ್ದುದರಿಂದ ತನಿಖೆಯ ಅಗತ್ಯ ಬೀಳಲಿಲ್ಲ. ಒತ್ತಕ್ಷರವೂ ಸರಿಯಾಗಿತ್ತು.

ವಕೀಲನಿಗೆ ಮೊದಲು ಕಾನೂನು ನೆನಪಾಯಿತೆಂದರೆ ಸುಳ್ಳಾದೀತು. ಮೊದಲು ಬಂದದ್ದು ಕೋಪವೇ. ಕಾನೂನು ಅನಂತರ ಬಂತು. ಏಳು ವರ್ಷಕ್ಕಿಂತ ಕೆಳಗಿನ ಮಗುವಿನ ಕೃತ್ಯವು ಅಪರಾಧವಲ್ಲವೆಂದು ಭಾರತೀಯ ನ್ಯಾಯ ಸಂಹಿತೆಯ 20ನೆಯ ಕಲಂ ಹೇಳುತ್ತದೆ. ಏಳರಿಂದ ಹನ್ನೆರಡರೊಳಗಿನ ಮಗುವಿಗೆ ತನ್ನ ಕೃತ್ಯದ ಸ್ವರೂಪವನ್ನೂ ಪರಿಣಾಮವನ್ನೂ ಅರಿಯುವಷ್ಟು ತಿಳಿವಳಿಕೆ ಬಲಿತಿರದಿದ್ದರೆ ಅದೂ ಅಪರಾಧವಲ್ಲವೆನ್ನುತ್ತದೆ 21ನೆಯ ಕಲಂ.

ಅಷ್ಟರಲ್ಲಿ ಬಾಲಕನ ತಂದೆ ಅವನನ್ನು ಕರೆತಂದರು. ಅವರು ರಿಕ್ಷಾ ಚಾಲಕರು. "ವಕೀಲರೇ, ಖರ್ಚು ಎಷ್ಟಾದರೂ ನಾನು ಕೊಡುತ್ತೇನೆ. ಇವನಿಗೆ ಕೊಡಬೇಕಾದದ್ದನ್ನು ಮನೆಯಲ್ಲಿ ಕೊಟ್ಟಾಗಿದೆ" ಎಂದರು. ಹುಡುಗನ ಕಾಲಿನ ಮೇಲೆ ಬಾಸುಂಡೆ ಕಾಣುತ್ತಿತ್ತು. ನನ್ನ ಕೋಪ ಅಲ್ಲಿಗೆ ಇಳಿಯಿತು. ಹಣ ಬೇಡ, ಎರಡು ಭಾನುವಾರ ಮುಂಜಾನೆ ಇವನನ್ನು ಕಳುಹಿಸಿಕೊಡಿ ಎಂದೆ.

ವಿಮೆಯ ಯೋಚನೆಯೂ ಬಂದಿತ್ತು. ಆದರೆ ಪರಿಹಾರ ಕೇಳದೆ ಉಳಿದ ವರ್ಷಗಳಿಗಾಗಿ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ಶೇ. 20ರಿಂದ 50ರವರೆಗೆ ದೊರೆಯುವ ರಿಯಾಯಿತಿಯು ಒಂದು ಗೀರಿಗಾಗಿ ಕೈತಪ್ಪುವುದು ಲಾಭದ ಮಾತಲ್ಲ.

ಗೀರಿನ ಆಳವನ್ನು ಮೊದಲು ಅರಿಯಬೇಕು. ಲೋಹದ ಮೇಲೆ ತುಕ್ಕುನಿರೋಧಕ ಲೇಪ, ಅದರ ಮೇಲೆ ಪ್ರೈಮರ್, ಅನಂತರ ಬಣ್ಣ, ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತವೆ. ಉಗುರು ತಾಗಿ ನಿಲ್ಲದ ಗೀರು ಮೇಲ್ಪದರದ್ದು. ಅದಕ್ಕೆ ಪಾಲಿಶ್ ಸಾಕು. ಉಗುರು ಸಿಕ್ಕಿಕೊಂಡು ಲೋಹ ಕಂಡರೆ ಟೂತ್‌ಪೇಸ್ಟ್ ಮುಂತಾದ ಉಪಾಯಗಳು ನಿಷ್ಪ್ರಯೋಜಕ. ಕಡಲಗಾಳಿಯ ನಮ್ಮ ಊರುಗಳಲ್ಲಿ ಬರಿಯ ಲೋಹಕ್ಕೆ ತುಕ್ಕು ಬೇಗ ಹಿಡಿಯುತ್ತದೆ, ಮಳೆಗಾಲದವರೆಗೆ ಕಾಯಬಾರದು.

ಕಾರಿನ ಬಣ್ಣದ ಸಂಕೇತವು ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ಟಿನ ಒಳಗೋ ಅಂಟಿಸಿದ ಚೀಟಿಯಲ್ಲಿರುತ್ತದೆ. ಅದನ್ನು ತೋರಿಸಿ ಟಚ್-ಅಪ್ ಬಣ್ಣ ತಂದೆ. ಮೊದಲ ಭಾನುವಾರ ಬಾಗಿಲನ್ನು ಸಾಬೂನು ನೀರಿನಿಂದ ತೊಳೆದು ಒರೆಸಿ, ಗೀರಿನ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿದೆವು. ತುಕ್ಕಿನ ಚುಕ್ಕೆಗಳನ್ನು 400ರ ವಾಟರ್ ಪೇಪರಿನಿಂದಲೂ ಅಂಚುಗಳನ್ನು 1000ದಿಂದಲೂ ಮೆಲ್ಲಗೆ ಉಜ್ಜಿದೆವು. ಬರಿಯ ಲೋಹದ ಮೇಲೆ ನೀರು ನಿಲ್ಲಬಾರದು. ಕೂಡಲೇ ಒಣಗಿಸಿ, ಸ್ಪಿರಿಟ್‌ನಿಂದ ಜಿಡ್ಡು ತೆಗೆದು, ಅಂದೇ ಪ್ರೈಮರ್ ಹಚ್ಚಬೇಕು. ಅದು ಒಣಗಿದ ಮೇಲೆ ಸಣ್ಣ ಕುಂಚದಿಂದ ಬಣ್ಣದ ತೆಳುಪದರಗಳು, ಕೊನೆಗೆ ಕ್ಲಿಯರ್ ಕೋಟ್. ಇವೆಲ್ಲ ನೆರಳಿನಲ್ಲಿಯೇ ನಡೆಯಬೇಕು.

"ಮಾಮ, ಇನ್ನೊಂದು ಸಲ ದಪ್ಪಕ್ಕೆ ಹಚ್ಚಿದರೆ ಬೇಗ ಮುಗಿಯುವುದಿಲ್ಲವೇ?" ಎಂದು ಹುಡುಗ ನಡುವೆ ಕೇಳಿದ. ದಪ್ಪ ಹಚ್ಚಿದ ಬಣ್ಣ ಇಳಿದುಹೋಗುತ್ತದೆ, ಒಳಗೆ ಹಸಿಯಾಗಿಯೇ ಉಳಿಯುತ್ತದೆ ಎಂದೆ. ಅವನು ಕುಂಚ ಹಿಡಿದು, ಉಸಿರು ಬಿಗಿಹಿಡಿದು, ತನ್ನ ಅಕ್ಷರಗಳನ್ನೇ ಇನ್ನೊಮ್ಮೆ ತಿದ್ದಿದ, ಈ ಸಲ ಅಳಿಸುವುದಕ್ಕಾಗಿ.

ವಾರ ಕಳೆದು ಬಣ್ಣ ಗಟ್ಟಿಯಾದ ಬಳಿಕ 2000ದ ಕಾಗದವನ್ನು ನೀರಿನಲ್ಲಿ ನೆನೆಸಿ ಉಬ್ಬನ್ನು ಸಮಗೊಳಿಸಿ, ರಬ್ಬಿಂಗ್ ಕಾಂಪೌಂಡಿನಿಂದ ಹೊಳಪು ತಂದೆವು. ಇಲ್ಲಿ ಕೈ ಹಗುರವಿರಬೇಕು. ಸುತ್ತಲಿನ ಕ್ಲಿಯರ್ ಕೋಟ್ ಸವೆದರೆ ಹೊಸ ಹಾನಿ. ಗೀರು ಅಗಲವಾಗಿದ್ದರೆ ಅಥವಾ ತಗಡು ತಗ್ಗಾಗಿದ್ದರೆ ವರ್ಕ್‌ಶಾಪಿಗೆ ಒಯ್ಯುವುದೇ ಲೇಸು.

ಓರೆಬೆಳಕಿನಲ್ಲಿ ನೋಡಿದರೆ ಆ ಎರಡಕ್ಷರದ ನೆರಳು ಈಗಲೂ ಕಾಣುತ್ತದೆ. ಅದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಹೆತ್ತವರಲ್ಲಿ ಒಂದು ವಿನಂತಿ ಮಾತ್ರ: ಮಗು ಕೆಡಿಸಿದ್ದನ್ನು ಮಗುವಿನ ಕೈಯಲ್ಲೇ ಸರಿಪಡಿಸಲು ಆಗುವುದೇ ಎಂದು ಮೊದಲು ನೋಡಿ, ಬೆತ್ತ ಆಮೇಲೂ ಬೇಕಾಗಲಾರದು. ಮುಂದಿನ ವಾರವೇ ಆತನ ತಂದೆ ಹುಡುಗನಿಗೆ ಅಂಗಳದ ಗೋಡೆಯ ಒಂದು ಬದಿಯನ್ನೂ ಸೀಮೆಸುಣ್ಣದ ಪೆಟ್ಟಿಗೆಯನ್ನೂ ಬಿಟ್ಟುಕೊಟ್ಟರು.