ರಿಮ್‌ಗೆ ಬಣ್ಣ ಹಚ್ಚುವ ಮೊದಲು

ನಾಗಪುರದಲ್ಲಿ ಹಾಳಾದ ಅಲಾಯ್ ವೀಲ್ ಹಿಡಿದು ಅಂಗಡಿಗೆ ಹೋದರೆ ಸಿಗುವ ಭರವಸೆ ಒಂದೇ: ‘ಏಕ್‌ದಮ್ ನಯಾ ಕರ್ ದೇಂಗೆ.’ ಫುಟ್‌ಪಾತಿಗೆ ಉಜ್ಜಿ ಗೀರಾದ ರಿಮ್‌ಗೂ ಅದೇ ಮಾತು, ಗುಂಡಿಗೆ ಬಿದ್ದು ಸೊಟ್ಟಗಾದ ರಿಮ್‌ಗೂ ಅದೇ ಮಾತು. ನನ್ನ ತಕರಾರು ಈ ಮಾತಿನ ಮೇಲೆಯೇ. ಗೀರು ತೆಗೆಯುವುದು ಅಂದದ ಕೆಲಸ, ಸೊಟ್ಟ ತೆಗೆಯುವುದು ಜೀವದ ಕೆಲಸ. ಎರಡನ್ನೂ ಒಂದೇ ಹೆಸರಿನಲ್ಲಿ ಮಾರುವುದು ಮೋಸ.

ಗೀರಿಗೆ ಮನೆಯಂಗಳವೇ ಸಾಕು. ‘ನಿಮ್ಮ ಕೈಲಾಗಲ್ಲ’ ಎಂದು ಹೆದರಿಸುವವರನ್ನು ನಂಬಬೇಡಿ. ಬ್ರೇಕ್ ಧೂಳು, ಜಿಡ್ಡು ತೊಳೆದು, 400ರಿಂದ 800ರವರೆಗಿನ ವಾಟರ್ ಪೇಪರಿನಲ್ಲಿ ಉಜ್ಜಿ, ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್‌ಗಳನ್ನು ತೆಳುವಾಗಿ ಸ್ಪ್ರೇ ಮಾಡಿದರಾಯಿತು. ನಟ್ಟು ಕೂರುವ ಜಾಗವನ್ನು ಮಾತ್ರ ಮುಚ್ಚಿಡಿ. ಅಲ್ಲಿ ಬಣ್ಣದ ಪದರ ಉಳಿದರೆ ಮುಂದೆ ನಟ್ಟು ಸಡಿಲಾಗುವ ಅಪಾಯವಿದೆ. ಮೇ ತಿಂಗಳ 45 ಡಿಗ್ರಿಯಲ್ಲಿ ಸ್ಪ್ರೇ ರಿಮ್ ಮುಟ್ಟುವ ಮೊದಲೇ ಒಣಗಿ ಮರಳುಮರಳಾಗುತ್ತದೆ, ಬೆಳಗಿನ ತಂಪಿನಲ್ಲಿ ಮಾಡಿ. ಡೈಮಂಡ್ ಕಟ್ ರಿಮ್ ಮಾತ್ರ ಲೇತ್ ಇರುವವರ ಕೆಲಸ. ಪ್ರತಿ ಸಲ ಒಂದಿಷ್ಟು ಲೋಹ ಕಡೆದುಹೋಗುವುದರಿಂದ ಅದಕ್ಕೂ ಮಿತಿಯಿದೆ.

ಸೊಟ್ಟ ರಿಮ್‌ನ ಕತೆ ಬೇರೆ. ನನ್ನ ಕಾರಿನದನ್ನು ಒಂದು ಅಂಗಡಿಯಲ್ಲಿ ಗ್ಯಾಸ್ ಟಾರ್ಚಿನಿಂದ ಕಾಯಿಸಿ, ತಟ್ಟಿ, ಬಣ್ಣ ಬಳಿದು ಕೊಟ್ಟರು. ನೋಡಲು ಹೊಸದೇ. ವಾರ ವಾರ ಗಾಳಿ ಇಳಿಯತೊಡಗಿದಾಗ ಟೈರ್ ಬಿಚ್ಚಿಸಿದೆ. ಒಳಬದಿಯಲ್ಲಿ ಬೆರಳುದ್ದದ ಬಿರುಕು, ಅದರ ಮೇಲೂ ಅದೇ ಬಣ್ಣ.

ಕಬ್ಬಿಣ ಕಾದರೆ ಕೆಂಪಾಗಿ ತಿಳಿಸುತ್ತದೆ. ಅಲ್ಯೂಮಿನಿಯಂ ಕರಗುವವರೆಗೂ ಕೆಂಪಾಗುವುದಿಲ್ಲ. ಕುಲುಮೆಯಲ್ಲಿ ಪಳಗಿದ ಕಣ್ಣು ಇಲ್ಲಿ ಕೆಲಸಕ್ಕೆ ಬಾರದು. ಅನೇಕ ಅಲಾಯ್ ವೀಲ್‌ಗಳನ್ನು ಎರಕದ ನಂತರ ಸುಮಾರು 540 ಡಿಗ್ರಿಗೆ ಕಾಯಿಸಿ, ಥಟ್ಟನೆ ತಣಿಸಿ, ಮತ್ತೆ 150 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಟ್ಟು ಗಟ್ಟಿಗೊಳಿಸಿರುತ್ತಾರೆ. ಟಾರ್ಚಿನ ಉರಿಯಾಗಲಿ ವೆಲ್ಡಿಂಗ್ ಆಗಲಿ ತಾಗಿದ ಕಡೆ ಆ ಗಟ್ಟಿತನ ಹೋಗುತ್ತದೆ. ಬಣ್ಣ ಅದನ್ನು ಮರಳಿಸುವುದಿಲ್ಲ, ಮರೆಮಾಚುತ್ತದೆ.

‘ಹೊಸ ರಿಮ್ ದುಬಾರಿ, ಎಲ್ಲರಿಂದಲೂ ಆಗುತ್ತದೆಯೇ?’ ಎನ್ನುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅದೇ ಅಳತೆಯ ಸ್ಟೀಲ್ ರಿಮ್ ಹಾಕಿ, ಅದಕ್ಕೆ ತಕ್ಕ ನಟ್ಟುಗಳೊಂದಿಗೆ. ಅಂದ ಕಡಿಮೆ, ಬೆಲೆಯೂ ಕಡಿಮೆ. ಈ ಊರಿನಿಂದಲೇ ಸಮೃದ್ಧಿ ಮಹಾಮಾರ್ಗ ಶುರುವಾಗುತ್ತದೆ, ಅಲ್ಲಿ ಕಾರುಗಳಿಗೆ ಗಂಟೆಗೆ 120 ಕಿಲೋಮೀಟರ್ ವೇಗಕ್ಕೆ ಅನುಮತಿಯಿದೆ. ಆ ವೇಗದಲ್ಲಿ ಬಿರುಕು ಬಾಯಿಬಿಟ್ಟರೆ ನಾವು ಉಳಿಸಿದ ಹಣದ ಲೆಕ್ಕ ಯಾರಿಗೆ ಬೇಕು?

ಅಲ್ಯೂಮಿನಿಯಂ ಸಂಶೋಧನೆಗೆಂದೇ ಜವಾಹರಲಾಲ್ ನೆಹರು ಹೆಸರಿನ ಕೇಂದ್ರವಿರುವ ಊರಿದು. ಅದರ ಜ್ಞಾನವೆಲ್ಲ ಗ್ಯಾರೇಜಿಗೆ ಬರಲಿ ಎಂದು ಕಾಯಬೇಕಿಲ್ಲ. ಬಿರುಕು ತೋರಿಸುವ ಪೆನೆಟ್ರಂಟ್ ದ್ರವ ಸ್ಪ್ರೇ ಡಬ್ಬಿಯಲ್ಲೇ ಸಿಗುತ್ತದೆ. ಟೈರ್ ಬಿಚ್ಚಿ, ಹಳೆ ಬಣ್ಣ ತೆಗೆದು, ಬರಿಯ ಲೋಹವನ್ನು ಗಿರಾಕಿಗೆ ತೋರಿಸಿದ ಮೇಲೆಯೇ ಹೊಸ ಬಣ್ಣ ಹಚ್ಚಬೇಕು. ತೋರಿಸಲು ಒಪ್ಪದ ಅಂಗಡಿಗೆ ಗೀರಿನ ಕೆಲಸವನ್ನೂ ಕೊಡಬೇಡಿ.