ಜಾಲದ ಧಾರಾವಾಹಿಗೆ ಮನೆಯ ರಟ್ಟು

ವಾರಪತ್ರಿಕೆಗಳಲ್ಲಿ ಬರುತ್ತಿದ್ದ ಧಾರಾವಾಹಿ ಕಾದಂಬರಿಯ ಪುಟಗಳನ್ನು ಜತನದಿಂದ ಬಿಡಿಸಿ, ದಬ್ಬಣದಿಂದ ಹೊಲಿದು, ರಟ್ಟು ಹಾಕಿಸಿ ಇಟ್ಟುಕೊಳ್ಳುವ ರೂಢಿ ನಮ್ಮ ಅನೇಕ ಮನೆಗಳಲ್ಲಿತ್ತು. ಒಂದು ಸಂಚಿಕೆ ತಪ್ಪಿದರೆ ನೆರೆಮನೆಯಿಂದ ಬೇಡಿ ತಂದು ಕೊರತೆ ತುಂಬುತ್ತಿದ್ದರು. ಇಂದು ಧಾರಾವಾಹಿಗಳು ಅಂತರಜಾಲದಲ್ಲಿ ಹರಿಯತೊಡಗಿವೆ. ಅವುಗಳ ಗಾತ್ರವೂ ಅಚ್ಚರಿ ಹುಟ್ಟಿಸುವಂಥದು. ಕೆನಡಾದ ಲೇಖಕರೊಬ್ಬರು ‘ವೈಲ್ಡ್‌ಬೋ’ ಎಂಬ ಹೆಸರಿನಿಂದ 2011ರಿಂದ 2013ರವರೆಗೆ ಬರೆದ ‘ವರ್ಮ್’ ಎಂಬ ಕಥೆ 16 ಲಕ್ಷ ಪದಗಳನ್ನು ಮೀರಿದೆ. ಇಷ್ಟನ್ನು ರಟ್ಟು ಕಟ್ಟುವ ಬಗೆ ಹೇಗೆ?

ಈ ಕಾರ್ಯಕ್ಕೆಂದೇ ಇರುವ ಸಾಧನಗಳಲ್ಲಿ ‘ಫ್ಯಾನ್‌ಫಿಕ್‌ಫೇರ್’ ಒಂದು. ಇದು ಉಚಿತವಾದುದು, ಪೈಥಾನ್ ಭಾಷೆಯಲ್ಲಿ ರಚಿತವಾದುದು. ಗಣಕದ ಕಪ್ಪು ತೆರೆಯ ಮೇಲೆ ಸಾಧನದ ಹೆಸರನ್ನೂ ಕಥೆಯ ವಿಳಾಸವನ್ನೂ ಒಂದೇ ಸಾಲಿನಲ್ಲಿ ಟೈಪು ಮಾಡಿದರೆ ಸಾಕು. ಅದು ಅಧ್ಯಾಯಗಳನ್ನು ಒಂದೊಂದಾಗಿ ತಂದು, ಜಾಹೀರಾತು ಮೊದಲಾದ ಹೊಟ್ಟನ್ನು ತೂರಿ, ಬರಹವನ್ನಷ್ಟೇ ‘ಇಪಬ್’ ಎಂಬ ಪುಸ್ತಕರೂಪದಲ್ಲಿ ಕಟ್ಟಿಕೊಡುತ್ತದೆ. ಮುಂದೆ ಜಾಲಸಂಪರ್ಕವಿಲ್ಲದೆಯೂ ಓದಬಹುದು. ಕಪ್ಪು ತೆರೆಗೆ ಅಂಜುವವರು ‘ಕ್ಯಾಲಿಬರ್’ ಎಂಬ ಪುಸ್ತಕ ತಂತ್ರಾಂಶದೊಳಗೂ ಇದನ್ನು ಸೇರಿಸಿಕೊಳ್ಳಬಹುದು. ಪ್ರತಿ ತಾಣದ ರಚನೆ ಬೇರೆಯಾದ್ದರಿಂದ ಒಂದೊಂದಕ್ಕೂ ಸಾಧನದಲ್ಲಿ ಬೇರೆ ಭಾಗವಿದೆ. ತಾಣವು ತನ್ನ ರೂಪ ಬದಲಿಸಿದರೆ, ಆ ಭಾಗವನ್ನು ತಿದ್ದುವವರೆಗೆ ಕೆಲಸ ನಿಂತೀತು.

ನಮಗೆ ಹೆಚ್ಚು ಮೆಚ್ಚುಗೆಯಾದದ್ದು ಬೇರೊಂದು ಗುಣ. ಕಟ್ಟಿದ ಪುಸ್ತಕದಲ್ಲಿ ಮೂಲದ ವಿಳಾಸ ಅಡಗಿರುವುದರಿಂದ, ಹೊಸ ಅಧ್ಯಾಯಗಳು ಬಂದಾಗ ಅವುಗಳನ್ನಷ್ಟೇ ತಂದು ಸೇರಿಸುತ್ತದೆ. ಆದರೆ ತಾಣದಲ್ಲಿರುವ ಅಧ್ಯಾಯಗಳು ನಮ್ಮ ಪ್ರತಿಯಲ್ಲಿರುವುದಕ್ಕಿಂತ ಕಡಿಮೆಯಾಗಿದ್ದರೆ? ಆಗ ಸಾಧನವು ಸಂಗತಿಯನ್ನು ತಿಳಿಸಿ, ಹಳೆಯ ಪ್ರತಿಯನ್ನು ಮುಟ್ಟದೆ ಸುಮ್ಮನಾಗುತ್ತದೆ. ಇದು ಯಂತ್ರದ ವಿವೇಕವಲ್ಲ, ರಚಿಸಿದವರ ವಿವೇಕ.

ಅಧ್ಯಾಯಗಳು ಕಡಿಮೆಯಾಗುವುದಾದರೂ ಏಕೆ? ‘ರಾಯಲ್ ರೋಡ್’ ಎಂಬ ತಾಣದಲ್ಲಿ ಇದು ನಿತ್ಯದ ಸಂಗತಿ. ಅಲ್ಲಿ ಜನಪ್ರಿಯವಾದ ಕಥೆಯನ್ನು ಲೇಖಕರು ಅಮೆಜಾನ್‌ನ ಒಂದು ಯೋಜನೆಗೆ ಸೇರಿಸುತ್ತಾರೆ. ಆ ಯೋಜನೆಯಲ್ಲಿರುವಷ್ಟು ಕಾಲ ಅದೇ ಕೃತಿ ಗಣಕರೂಪದಲ್ಲಿ ಮತ್ತೆಲ್ಲಿಯೂ ಇರಕೂಡದೆಂಬುದು ಕರಾರು. ಹಾಗಾಗಿ ಅಧ್ಯಾಯಗಳನ್ನು ತೆಗೆದುಹಾಕುತ್ತಾರೆ. ಅರ್ಧ ಓದಿದವನಿಗೆ ನಿರಾಸೆ, ಬರೆದವನಿಗೆ ಅನ್ನದ ದಾರಿ. ಇವೆರಡರಲ್ಲಿ ಎರಡನೆಯದೇ ಹೆಚ್ಚು ತೂಕದ್ದೆಂಬುದು ನಮ್ಮ ಎಣಿಕೆ. ಅಮೆರಿಕದ ಆಂಡಿ ವೀರ್ ‘ದಿ ಮಾರ್ಷಿಯನ್’ ಕಾದಂಬರಿಯನ್ನು ಮೊದಲು ತಮ್ಮ ತಾಣದಲ್ಲಿ ಕಂತುಕಂತಾಗಿ ಉಚಿತವಾಗಿ ಕೊಟ್ಟರು. ತೆರೆಯ ಮೇಲೆ ಓದಲಾರೆವು, ಪುಸ್ತಕರೂಪದ ಕಡತ ಕೊಡಿರೆಂದು ಓದುಗರು ಬೇಡಿದಾಗ ಅದನ್ನೂ ಕೊಟ್ಟರು. ಆ ಕಡತವನ್ನು ಓದುಯಂತ್ರಕ್ಕೆ ಸೇರಿಸಲು ತಿಳಿಯದವರಿಗಾಗಿ ಕಿಂಡಲ್‌ನಲ್ಲಿ 99 ಸೆಂಟಿಗೆ ಇಟ್ಟರು. ಅಲ್ಲಿಂದಲೇ ಅವರ ಭಾಗ್ಯ ತೆರೆಯಿತು. 2014ರಲ್ಲಿ ದೊಡ್ಡ ಪ್ರಕಾಶಕರ ಮುದ್ರಣ, 2015ರಲ್ಲಿ ಚಲನಚಿತ್ರ.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಖಾಸಗಿ ಉಪಯೋಗಕ್ಕಾಗಿ ಮಾಡುವ ನ್ಯಾಯೋಚಿತ ಬಳಕೆಗೆ ಎಡೆಗೊಟ್ಟಿದೆ. ಆ ಪ್ರತಿಯನ್ನು ಹತ್ತು ಮಂದಿಗೆ ಹಂಚುವುದಾಗಲಿ ಮಾರುವುದಾಗಲಿ ಆ ಮಾತಿನೊಳಗೆ ಬಾರದು. ತಾಣಗಳ ಸ್ವಂತ ನಿಬಂಧನೆಗಳನ್ನು ಬೇರೆಯಾಗಿ ಓದಿಕೊಳ್ಳಬೇಕು. ಒಂದೇ ಉಸಿರಿಗೆ ನೂರಾರು ಅಧ್ಯಾಯ ಎಳೆದರೆ ತಾಣಕ್ಕೂ ಭಾರ. ಒಂದೊಂದು ಪುಟದ ನಡುವೆ ಕೆಲವು ಕ್ಷಣ ತಡೆಯುವಂತೆ ಸಾಧನದಲ್ಲಿ ವ್ಯವಸ್ಥೆಯಿದೆ, ಅದನ್ನು ಬಳಸಿರಿ.

ಕಟ್ಟಿದ ಪುಸ್ತಕದ ಮೊದಲ ಪುಟದಲ್ಲಿ ಲೇಖಕರ ಹೆಸರು, ಕಥೆ ಮುಗಿದಿದೆಯೋ ನಡೆದಿದೆಯೋ ಎಂಬ ವಿವರ, ಕಟ್ಟಿದ ದಿನಾಂಕ ಇವೆಲ್ಲ ಇರುತ್ತವೆ. ಬೇಡವೆನ್ನುವವರು ಆ ಪುಟವನ್ನು ಬಿಡಿಸಬಹುದು. ನಾವಾದರೋ ಉಳಿಸಿಕೊಳ್ಳುವೆವು.